ಚಿನ್ನದ ಗಣಿ ಊರಿಂದ ಚಿನ್ನದ ಟ್ರೇನಿಗೆ: ಅಪ್ಪ ಅಮ್ಮನ ಜೊತೆ ಅಲಾಸ್ಕಾ

ಅಲಾಸ್ಕಾ ಕ್ರೂಸ್ ಅಂದ್ರೆ ಎಲ್ರೂ ಗ್ಲೇಸಿಯರ್ರು, ತಿಮಿಂಗಿಲ ಅಂತಾರೆ, ನಮ್ಮನೇಲಿ ಮಾತ್ರ ಅದು ಶುರುವಾಗಿದ್ದೇ ಒಂದು ಟ್ರೇನಿಂದ. ಅಣ್ಣ ಅತ್ತಿಗೆ ಸಿಯಾಟಲ್ ಹತ್ರ ಇದಾರೆ, ಅಪ್ಪ ಅಮ್ಮ ಬೇಸಿಗೆಗೆ ಅಂತ ಅವರ ಮನೆಗೆ ಹೋಗಿದ್ರು, ನಾನು ಕೋಲಾರದಿಂದ ರಜಾ ಹಾಕಿ ಜೂನಲ್ಲಿ ಹೋಗಿ ಸೇರ್ಕೊಂಡೆ. ಕ್ರೂಸ್ ಅಣ್ಣನ ಐಡಿಯಾ. ಹಡಗು ಯಾವ್ಯಾವ ಊರಲ್ಲಿ ನಿಲ್ಲುತ್ತೆ ಅಂತ ನೋಡ್ತಾ ಇದ್ದಾಗ ಸ್ಕಾಗ್‌ವೇ ಅನ್ನೋ ಹೆಸರು ಸಿಕ್ತು, ಓದ್ತಾ ಹೋದ್ರೆ ಅಲ್ಲಿ ವೈಟ್ ಪಾಸ್ ಅಂಡ್ ಯೂಕಾನ್ ರೂಟ್ ಅಂತ ಒಂದು ಹಳೇ ನ್ಯಾರೋಗೇಜ್ ರೈಲು, ಕೆನಡಾದ ಕ್ಲೊಂಡೈಕ್ ಅನ್ನೋ ಕಡೆ ಸಿಕ್ಕ ಚಿನ್ನದ ಹಿಂದೆ ಓಡ್ತಿದ್ದ ಜನಕ್ಕೋಸ್ಕರ 1898ರಲ್ಲಿ ಬೆಟ್ಟ ಕಡಿದು ಹಾಕೋಕೆ ಶುರು ಮಾಡಿದ್ದು. ಅಪ್ಪ ಕೆಜಿಎಫ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿದೋರು, ಚಾಂಪಿಯನ್ ರೀಫ್‌ನಲ್ಲಿ ಡ್ರಿಲ್ಲಿಂಗು ಬ್ಲಾಸ್ಟಿಂಗು, 2001ರ ಫೆಬ್ರವರಿ 28ಕ್ಕೆ ಮೈನ್ಸ್ ಮುಚ್ಚೋವರೆಗೂ ಅಲ್ಲೇ. ಅಂಥೋರನ್ನ ಅಷ್ಟು ದೂರ ಕರ್ಕೊಂಡು ಹೋಗಿ ಈ ಟ್ರೇನ್ ಹತ್ತಿಸದೆ ವಾಪಸ್ ಕರ್ಕೊಂಡು ಬರೋ ಮಾತೇ ಇಲ್ಲ ಅಂತ ಅವತ್ತೇ ತೀರ್ಮಾನ ಮಾಡ್ಬಿಟ್ಟೆ.

ಈ ಟ್ರೇನಿಗೆ ಹಡಗಿನೋರೇ ಟಿಕೆಟ್ ಮಾರ್ತಾರೆ, ಅದೇ ಟ್ರೇನಿಗೆ ರೈಲಿನೋರ ಹತ್ರ ನಾವೇ ನೇರವಾಗಿಯೂ ಬುಕ್ ಮಾಡ್ಬೋದು. ನಾವೇ ಮಾಡಿದ್ರೆ ದುಡ್ಡು ಉಳಿಯುತ್ತೆ, ಅದಕ್ಕಿಂತ ಮುಖ್ಯ ಹೊತ್ತು ನಮ್ಮಿಷ್ಟ. ಆದ್ರೆ ಒಂದು ವಿಷ್ಯ ಇದೆ, ಹಡಗಿನ ಟೂರಲ್ಲಿ ಹೋಗಿ ಲೇಟಾದ್ರೆ ಹಡಗು ಕಾಯುತ್ತೆ, ನಾವಾಗಿ ನಾವು ಹೋಗಿ ಲೇಟಾದ್ರೆ ಕಾಯಲ್ಲ, ಮುಂದಿನ ಊರಿಗೆ ನಮ್ಮ ಖರ್ಚಲ್ಲಿ ಹೋಗಿ ಹಿಡ್ಕೋಬೇಕು. ಅತ್ತಿಗೆಗೆ ಅದೇ ಭಯ, ವಯಸ್ಸಾದೋರನ್ನ ಇಟ್ಕೊಂಡು ರಿಸ್ಕ್ ಯಾಕೆ ಅಂತ. ನಾನು ಒಂದು ಪೇಪರಲ್ಲಿ ಲೆಕ್ಕ ಬರೆದು ತೋರಿಸ್ದೆ. ಹಡಗು ಬೆಳಿಗ್ಗೆ 7ಕ್ಕೆ ಬರುತ್ತೆ, ಸಂಜೆ 6.30ಕ್ಕೆ ಎಲ್ರೂ ಒಳಗಿರಬೇಕು. ಟ್ರೇನು ತುದಿವರೆಗೂ ಹೋಗಿ ಬರೋಕೆ ಹತ್ರ ಹತ್ರ 3 ಗಂಟೆ. ಬೆಳಿಗ್ಗೆ ಎಂಟರ ಹೊತ್ತಿಗೆ ಒಂದು ಟ್ರೇನು, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಇನ್ನೊಂದು. ಎಲ್ರೂ ಬೆಳಗಿನದು ಮೊದ್ಲು ಮುಗಿಸ್ಬಿಡೋಣ ಅಂತಾರೆ, ನಾನು ಮಧ್ಯಾಹ್ನದ್ದೇ ಹಿಡಿದೆ, ಯಾಕಂದ್ರೆ ಹಡಗು ಬರೋದು ತಡ ಆದ್ರೂ ಟ್ರೇನ್ ಸಿಗಬೇಕು, ಟ್ರೇನ್ ಬರೋದು ತಡ ಆದ್ರೂ ಹಡಗು ಸಿಗಬೇಕು, ಎರಡೂ ಕಡೆ ಮೂರು ಮೂರು ಗಂಟೆ ಬಿಟ್ಕೊಂಡಿದ್ರೆ ಜೀವಕ್ಕೆ ನೆಮ್ಮದಿ. ಅತ್ತಿಗೆ ಆ ಪೇಪರನ್ನ ಫೋಟೋ ತಗೊಂಡು ಇಟ್ಕೊಂಡ್ರು.

ಶನಿವಾರ, ಸಿಯಾಟಲ್

ಹಡಗು ಹತ್ತೋ ಹಿಂದಿನ ದಿನ ಅಣ್ಣ ಪಯನಿಯರ್ ಸ್ಕ್ವೇರ್ ಅನ್ನೋ ಹಳೇ ಪೇಟೆಗೆ ಕರ್ಕೊಂಡು ಹೋದ. ಅಲ್ಲಿ ಕ್ಲೊಂಡೈಕ್ ಚಿನ್ನದ ಕಥೆಗೇ ಅಂತ ಒಂದು ಮ್ಯೂಸಿಯಂ ಇದೆ, ನ್ಯಾಷನಲ್ ಪಾರ್ಕ್‌ನೋರದ್ದು, ಒಳಗೆ ಹೋಗೋಕೆ ದುಡ್ಡಿಲ್ಲ. ಸ್ಕಾಗ್‌ವೇಗೆ ಹೋಗೋರು ಮೊದ್ಲು ಇಲ್ಲಿಗೆ ಬಂದು ಹೋದ್ರೆ ಆಮೇಲೆ ಟ್ರೇನಲ್ಲಿ ಹೇಳೋದೆಲ್ಲ ಚೆನ್ನಾಗಿ ಅರ್ಥ ಆಗುತ್ತೆ. 1896ರ ಆಗಸ್ಟ್‌ನಲ್ಲಿ ಕೆನಡಾದ ಯೂಕಾನ್ ಕಡೆ ಒಂದು ಹಳ್ಳದಲ್ಲಿ ಚಿನ್ನ ಸಿಕ್ತು, ಮಾರನೇ ವರ್ಷ ಜುಲೈ 17ಕ್ಕೆ ಪೋರ್ಟ್‌ಲ್ಯಾಂಡ್ ಅನ್ನೋ ಹಡಗು ಆ ಚಿನ್ನ ಹೊತ್ಕೊಂಡು ಇದೇ ಸಿಯಾಟಲ್ ದಡಕ್ಕೆ ಬಂತು, ಆಮೇಲೆ ಯಾರು ತಡೆದ್ರೂ ನಿಲ್ಲದ ಹಾಗೆ ಜನ ಹೊರಟ್ರು. ಗಡಿ ದಾಟೋ ಕಡೆ ಕೆನಡಾ ಪೊಲೀಸ್ರು ಒಂದು ವರ್ಷಕ್ಕೆ ಆಗೋಷ್ಟು ದಿನಸಿ ಸಾಮಾನು ಇದ್ರೇನೇ ಒಳಗೆ ಬಿಡ್ತಿದ್ದಿದ್ದು, ಎಲ್ಲಾ ಸೇರಿದ್ರೆ ಹತ್ರ ಹತ್ರ ಒಂದು ಟನ್ ತೂಕ. ಅದನ್ನ ಬೆನ್ನ ಮೇಲೆ ಹೊತ್ಕೊಂಡು ಬೆಟ್ಟ ಹತ್ತಬೇಕು, ಇಳಿದು ಬಂದು ಮತ್ತೆ ಹೊರಬೇಕು.

ಅಪ್ಪ ಚಿನ್ನ ಜಾಲಿಸೋ ತಟ್ಟೆ ಮುಂದೆ ಬಹಳ ಹೊತ್ತು ನಿಂತಿದ್ರು. "ಇವರ್ದು ಹಳ್ಳದ ಮರಳಲ್ಲಿ ಸಿಗೋ ಚಿನ್ನ ಕಣಮ್ಮ, ಜಾಲಿಸಿದ್ರೆ ಕಣ್ಣಿಗೆ ಕಾಣುತ್ತೆ. ನಮ್ದು ಬಂಡೆ ಒಳಗೆ ಇರೋದು, ಕೈಯಲ್ಲೇ ಹಿಡ್ಕೊಂಡಿದ್ರೂ ಚಿನ್ನ ಅಂತ ಗೊತ್ತಾಗಲ್ಲ, ಮಿಲ್ಲಲ್ಲಿ ಪುಡಿ ಮಾಡಿ ಸೈನೈಡ್ ಹಾಕಿದ್ಮೇಲೇನೇ" ಅಂದ್ರು. ಕೆಜಿಎಫ್ ನೋಡಿದೋರಿಗೆ ಗೊತ್ತು, ಆ ಪುಡಿ ಗುಡ್ಡೆ ಗುಡ್ಡೆಯಾಗಿ ಇವತ್ತೂ ಊರ ಸುತ್ತ ಬಿದ್ದಿದೆ.

ಭಾನುವಾರ, ಸೋಮವಾರ: ಹಡಗು, ಸಮುದ್ರ

ಹತ್ತಿದ್ದು, ಸಾಮಾನು ಕೊಟ್ಟಿದ್ದು, ಲೈನಲ್ಲಿ ನಿಂತಿದ್ದು ಎಲ್ಲಾ ಎಲ್ಲಾ ಕಡೆ ಇರೋ ಥರಾನೇ. ಸೋಮವಾರ ಪೂರ್ತಿ ನೀರು. ವ್ಯಾಂಕೂವರ್ ದ್ವೀಪದ ಹೊರಗಡೆ ಅಲೆ ಜೋರಿತ್ತು, ಅಮ್ಮಂಗೆ ತಲೆ ಸುತ್ತಿ ಮಲಗಿಬಿಟ್ಲು. ಊಟದ ಹಾಲ್‌ನಲ್ಲಿ ಬಡಿಸೋ ಹುಡುಗ ನಮ್ಮ ಮಾತು ಕೇಳಿಸ್ಕೊಂಡು "ನೀವು ಕನ್ನಡದವ್ರಾ ಮೇಡಂ" ಅಂತ ಬಂದ, ನೋಡಿದ್ರೆ ಕುಂದಾಪುರ ಕಡೆಯೋನು. ಹಸಿರು ಸೇಬು, ಉಪ್ಪು ಬಿಸ್ಕತ್ತು ಕೊಡಿ ಅಮ್ಮಂಗೆ, ಹಡಗಲ್ಲಿ ಎಲ್ರಿಗೂ ಅದೇ ಔಷಧಿ ಅಂದ, ಆಮೇಲೆ ಅಡುಗೆಮನೇಲಿ ಇರೋ ನಮ್ಮೋರಿಗೆ ಹೇಳಿ ರಾತ್ರಿ ಒಂದು ಬಟ್ಟಲು ಮೆಣಸಿನ ಸಾರು ತಂದ್ಕೊಟ್ಟ. ಅಮ್ಮ ಅದನ್ನ ಕುಡಿದು ಎದ್ದು ಕೂತ್ಕೊಂಡು ಅವನ ಮನೆ, ತಾಯಿ, ಮದ್ವೆ ಎಲ್ಲಾ ವಿಚಾರಿಸ್ಕೊಂಡ್ಲು. ನಾಳೆಗೆ ಇಂಡಿಯನ್ ವೆಜ್ ಊಟ ಬೇಕು ಅಂದ್ರೆ ಇವತ್ತೇ ರಾತ್ರಿ ಹೇಳ್ಬಿಡಿ, ಮಾಡ್ತಾರೆ ಅಂತಾನೂ ಅವನೇ ಹೇಳಿದ್ದು. ಕೊನೇವರೆಗೂ ನಮಗೆ ಅನ್ನ ಮೊಸರಿಗೆ ಕೊರತೆ ಆಗ್ಲಿಲ್ಲ, ಚಟ್ನಿಪುಡಿ ನಮ್ಮದೇ ಇತ್ತು.

ಅವತ್ತು ರಾತ್ರಿ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಅಲಾಸ್ಕಾ ಟೈಮು ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಈ ಟ್ರೇನಿನ ತುದಿ ಕೆನಡಾ ಗಡಿ, ಗಡಿ ಆ ಕಡೆ ಮತ್ತೆ ಒಂದು ಗಂಟೆ ಮುಂದೆ, ಫೋನು ಯಾವ ಟವರ್ ಹಿಡ್ಕೊಂಡು ಯಾವ ಟೈಮ್ ತೋರಿಸುತ್ತೋ ಅದನ್ನ ನಂಬ್ಕೊಂಡು ಕೂರೋ ಹಾಗಿಲ್ಲ. ಅಪ್ಪನ ಹಳೇ ಎಚ್‌ಎಂಟಿ ವಾಚನ್ನ ಹಡಗಿನ ಟೈಮಿಗೆ ತಿರುಗಿಸಿ ಇಟ್ವಿ, ಅದೇ ನಮ್ಮೆಲ್ಲರ ಟೈಮು.

ಮಂಗಳವಾರ, ಜೂನೋ

ಜೂನೋ ಅಲಾಸ್ಕಾ ರಾಜ್ಯದ ರಾಜಧಾನಿ, ಆದ್ರೆ ಹೊರಗಿಂದ ಆ ಊರಿಗೆ ರಸ್ತೇನೇ ಇಲ್ಲ. ಬರೋದಿದ್ರೆ ಹಡಗು ಇಲ್ಲ ವಿಮಾನ. ಬಸ್ ಓಡಿಸ್ತಿದ್ದ ಹೆಂಗಸು ನಗ್ತಾ ಹೇಳ್ತಿದ್ರು, ಕಾರ್ ಇದೆ ಎಲ್ರ ಹತ್ರಾನೂ, ಹೋಗೋಕೆ ಜಾಗ ಮಾತ್ರ ಇಷ್ಟೇ ಅಂತ. ಜಿನುಗು ಮಳೇಲಿ ಮೆಂಡೆನ್‌ಹಾಲ್ ಗ್ಲೇಸಿಯರ್ ನೋಡಿದ್ವಿ. ಆ ನೀಲಿ ಬಣ್ಣ ಫೋಟೋದಲ್ಲಿ ಬರಲ್ಲ. ಅಮ್ಮ ಚಳಿ ತಡೀಲಾರದೆ ಬೇಗ ಬಸ್ಸು ಹತ್ತಿದ್ಲು, ನಾವೂ ಹಿಂದೇನೇ ಬಂದ್ವಿ.

ಬುಧವಾರ, ಸ್ಕಾಗ್‌ವೇ

ಬೆಳಿಗ್ಗೆ ಆರಕ್ಕೇ ಎದ್ದು ಬಾಲ್ಕನಿಗೆ ಹೋದ್ರೆ ಗಾಳಿ ಬಾಗಿಲನ್ನೇ ತಳ್ತಿದೆ. ಎರಡೂ ಕಡೆ ಬೆಟ್ಟ, ನಡುವೆ ಕಿರಿದಾಗಿ ಲಿನ್ ಕೆನಾಲ್ ಅನ್ನೋ ಸಮುದ್ರದ ತೋಳು, ಅದರ ತುದೀಲಿ ಈ ಊರು. ಗಾಳಿ ಆ ಸಂದೀಲಿ ಸಿಕ್ಕಾಕೊಂಡು ಬೀಸುತ್ತೆ. ಏಳಾಯ್ತು, ಏಳೂವರೆ ಆಯ್ತು, ಹಡಗು ದಡಕ್ಕೆ ಹೋಗ್ತಾನೇ ಇಲ್ಲ. ಗಾಳಿ ಕಮ್ಮಿ ಆಗೋವರೆಗೂ ಕಾಯ್ಬೇಕು ಅಂತ ಮೈಕಲ್ಲಿ ಹೇಳಿದ್ರು. ಕಾರಿಡಾರಲ್ಲಿ ಬೆಳಗಿನ ಟ್ರೇನಿಗೆ ತಾವೇ ಬುಕ್ ಮಾಡಿದ್ದ ಒಂದು ಕುಟುಂಬ ಸಿಕ್ತು, ಪಾಪ ಮಕ್ಕಳೆಲ್ಲ ಜಾಕೆಟ್ ಹಾಕ್ಕೊಂಡು ರೆಡಿಯಾಗಿ ನಿಂತಿದ್ರು. ಹಗ್ಗ ಕಟ್ಟಿ ಜನ ಇಳಿಯೋ ಹೊತ್ತಿಗೆ ಎಂಟೂವರೆ ದಾಟಿತ್ತು. ಅತ್ತಿಗೆ ನನ್ನ ಕೈ ಹಿಡ್ಕೊಂಡು "ಮಧ್ಯಾಹ್ನದ್ದು ಮಾಡಿದ್ದು ಒಳ್ಳೇದಾಯ್ತು ಕಣೇ" ಅಂದ್ರು. ಆ ಕುಟುಂಬಕ್ಕೆ ರೈಲಿನೋರ ಕೌಂಟರಲ್ಲಿ ಮೊದ್ಲು ಹೋಗಿ ಕೇಳಿ, ಮುಂದಿನದ್ರಲ್ಲಿ ಸೀಟಿದ್ರೆ ಸಿಗಬಹುದು ಅಂದೆ. ಆಮೇಲೆ ನಮ್ಮ ಟ್ರೇನಲ್ಲೇ ಹಿಂದಿನ ಬೋಗೀಲಿ ಕಂಡ್ರು, ತುಂಬಾ ಸಂತೋಷ ಆಯ್ತು.

ಒಂದು ಮಾತು ನೆನಪಿಟ್ಕೊಳಿ, ಹಡಗಿನ ಟಿಕೆಟ್ ತಗೊಂಡೋರಿಗೆ ಟ್ರೇನು ಹಡಗುಕಟ್ಟೆ ಹತ್ರಾನೇ ಬರುತ್ತೆ, ನಾವೇ ಬುಕ್ ಮಾಡಿದೋರು ಊರೊಳಗಿನ ಸ್ಟೇಷನ್‌ಗೇ ಹೋಗ್ಬೇಕು, ಸೆಕೆಂಡ್ ಅವೆನ್ಯೂದಲ್ಲಿದೆ. ನಡ್ಕೊಂಡೇ ಹೋಗ್ಬೋದು, ಅಮ್ಮನ ಮಂಡಿ ನೋವಿಗೆ ಅಂತ ನಾವು ಊರಿನ ಸಣ್ಣ ಬಸ್ ಹತ್ತಿದ್ವಿ. ಹಡಗಿನ ಕಾರ್ಡ್ ಜೊತೆ ಫೋಟೋ ಇರೋ ಐಡಿ ಇಟ್ಕೊಂಡಿರಿ, ವಾಪಸ್ ಕಟ್ಟೆ ಒಳಗೆ ಬರೋಕೆ ಕೇಳ್ತಾರೆ. ನಾವು ತಗೊಂಡಿದ್ದು ಬೆಟ್ಟದ ತುದಿವರೆಗೂ ಹೋಗಿ ಹಾಗೇ ವಾಪಸ್ ಬರೋ ಟ್ರೇನು, ಇದ್ರಲ್ಲಿ ಎಲ್ಲೂ ಇಳಿಸಲ್ಲ, ಹಾಗಾಗಿ ಕೆನಡಾ ಚೆಕಿಂಗ್ ತಲೆನೋವಿಲ್ಲ. ಇನ್ನೂ ಮುಂದೆ ಫ್ರೇಸರ್, ಕಾರ್‌ಕ್ರಾಸ್‌ವರೆಗೂ ಹೋಗೋ ಟ್ರೇನೂ ಇದೆ, ಅದಕ್ಕೆ ಪಾಸ್‌ಪೋರ್ಟು ವೀಸಾ ಎಲ್ಲಾ ಕೈಯಲ್ಲೇ ಇರಬೇಕು, ಹೊತ್ತೂ ಜಾಸ್ತಿ. ಹಡಗು ಕಾಯ್ತಿರೋವಾಗ, ಜೊತೇಲಿ ಎಪ್ಪತ್ತು ದಾಟಿದೋರು ಇರೋವಾಗ, ಸಣ್ಣದೇ ಸರಿ ಅಂತ ನನ್ನ ಅಭಿಪ್ರಾಯ.

ಸ್ಟೇಷನ್‌ನಲ್ಲಿ ಹಸಿರು ಹಳದಿ ಇಂಜಿನ್ ನಿಂತಿತ್ತು, ಹಿಂದೆ ಹಳೇ ಕಾಲದ ಮರದ ಕಿಟಕಿ ಬೋಗಿಗಳು, ಒಂದೊಂದಕ್ಕೂ ಒಂದೊಂದು ಕೆರೆ, ನದಿ ಹೆಸರು. ಅಪ್ಪ ಬೋಗಿ ಬಿಟ್ಟು ಮೊದ್ಲು ಕಂಬಿ ನೋಡಿದ್ರು, ಬಗ್ಗಿ, ಹೆಜ್ಜೆ ಇಟ್ಟು ಅಳೆದ್ರು. ಇದರ ಗೇಜು, ಅಂದ್ರೆ ಎರಡು ಕಂಬಿ ನಡುವಿನ ಅಂತರ, 3 ಅಡಿ. ನಮ್ಮ ಬಂಗಾರಪೇಟೆ ಕೋಲಾರ ಸಣ್ಣ ಟ್ರೇನಿಂದು ಎರಡೂವರೆ ಅಡಿ. "ನಮ್ದಕ್ಕಿಂತ ಅರ್ಧ ಅಡಿ ಜಾಸ್ತಿ ಅಷ್ಟೇ" ಅಂದ್ರು, ಅಮ್ಮಂಗೆ ತಕ್ಷಣ ಮದ್ವೆ ಆದ ಹೊಸದ್ರಲ್ಲಿ ಕೋಲಾರದಿಂದ ಬಂಗಾರಪೇಟೆಗೆ ಆ ಟ್ರೇನಲ್ಲಿ ಹೋಗಿದ್ದು ನೆನಪಾಗಿ, ಕಿಟಕೀಲಿ ಹೊಗೆ ಬಂದು ಹೊಸ ಸೀರೆ ಮಸಿ ಆಗಿದ್ದು, ಸ್ಟೇಷನ್ ಹತ್ರ ಚುರುಮುರಿ ತಿಂದಿದ್ದು ಎಲ್ಲಾ ಶುರು ಮಾಡಿದ್ಲು. ಪಕ್ಕದಲ್ಲಿದ್ದ ಅಮೆರಿಕದೋರಿಗೆ ಏನೂ ಅರ್ಥ ಆಗದೇ ಇದ್ರೂ ಅಮ್ಮನ ಮುಖ ನೋಡಿ ಅವರೂ ನಗ್ತಿದ್ರು.

ಹತ್ತೋವಾಗ ಎಡಗಡೆ ಸೀಟು ಹಿಡೀರಿ. ಹೋಗ್ತಾ ಕಣಿವೆ, ಜಲಪಾತ ಎಲ್ಲಾ ಬಹುಪಾಲು ಎಡಕ್ಕೇ ಕಾಣೋದು. ಬಲಗಡೆ ಸಿಕ್ಕಿದ್ರೂ ಬೇಜಾರಿಲ್ಲ, ತುದೀಲಿ ಇಂಜಿನ್ನನ್ನ ಬಿಚ್ಚಿ ಇನ್ನೊಂದು ಕಡೆಗೆ ತಂದು ಹಾಕ್ತಾರೆ, ಆಗ ಸೀಟಿನ ಬೆನ್ನನ್ನ ಆ ಕಡೆಯಿಂದ ಈ ಕಡೆಗೆ ತಳ್ಳಿ ಎಲ್ರೂ ಜಾಗ ಬದಲಾಯಿಸ್ಕೋತಾರೆ, ಇಳೀತಾ ಅವರಿಗೂ ನೋಟ ಸಿಗುತ್ತೆ. ಬೋಗಿ ಬೋಗಿ ನಡುವೆ ಕಂಬಿ ಹಿಡ್ಕೊಂಡು ನಿಲ್ಲೋ ಜಾಗ ಇದೆ, ಅಲ್ಲಿ ಗಾಳಿ ಚಳಿ ಮುಖಕ್ಕೇ ಹೊಡೆಯುತ್ತೆ, ಮಂಕಿ ಟೋಪಿ ಬೇಕೇ ಬೇಕು, ಜೂನ್ ಆದ್ರೂ.

ಟ್ರೇನು ಸಮುದ್ರದ ಮಟ್ಟದಿಂದ ಹೊರಟು 32 ಕಿಲೋಮೀಟರಲ್ಲಿ 873 ಮೀಟರ್ ಮೇಲೇರುತ್ತೆ. ತೀರ ಕಡಿದಾದ ಕಡೆ ನೂರು ಮೀಟರ್ ಹೋದ್ರೆ ಹತ್ರ ಹತ್ರ ನಾಲ್ಕು ಮೀಟರ್ ಏರು, ರೈಲಿಗೆ ಅದು ಭಾರೀ ಏರು. ಮೊದಲ ಅರ್ಧ ಗಂಟೆ ಮೋಡ ಮುಚ್ಕೊಂಡು ಏನೂ ಕಾಣ್ಲಿಲ್ಲ. ಚಿನ್ನದ ಕಾಲದ ಸ್ಮಶಾನ ಹೋಯ್ತು, ಹೊಳೆ ಸದ್ದು ಮಾತ್ರ ಕೇಳಿಸ್ತು, ಅಣ್ಣ ಕ್ಯಾಮೆರಾ ಮಡಚಿ ಇಟ್ಬಿಟ್ಟ. ರಾಕಿ ಪಾಯಿಂಟ್ ಅನ್ನೋ ತಿರುವು ದಾಟಿದ್ಮೇಲೆ ಮೋಡ ಹರಿದು ಒಂದೇ ಸಲ ಕಣಿವೆ ಪೂರ್ತಿ ತೆಕ್ಕೊಂತು, ಕೆಳಗೆ ಹೊಳೆ, ಎದುರಿಗೆ ಹಿಮ ಹೊತ್ತ ಬೆಟ್ಟ, ಮುಂದಿನ ತಿರುವಲ್ಲಿ ನಮ್ಮ ಟ್ರೇನಿನ ಇಂಜಿನ್ನೇ ಬಂಡೆಗೆ ಅಂಟ್ಕೊಂಡು ಹೋಗ್ತಿರೋದು ಕಾಣ್ತಿದೆ.

ಆಮೇಲೆ ಒಂದು ಕರೀ ಶಿಲುಬೆ ಬಂತು, ದೊಡ್ಡ ಬಂಡೆ ಮೇಲೆ. ಗೈಡ್ ಮೈಕಲ್ಲಿ ಹೇಳಿದ್ರು, 1898ರ ಆಗಸ್ಟ್ 3ಕ್ಕೆ ಬ್ಲಾಸ್ಟಿಂಗ್ ಮಾಡೋವಾಗ ನೂರು ಟನ್ ಬಂಡೆ ಜಾರಿ ಇಬ್ಬರು ಕೆಲಸಗಾರರ ಮೇಲೆ ಬಿತ್ತು, ಅದನ್ನ ಎತ್ತೋಕೇ ಆಗ್ಲಿಲ್ಲ, ಅವರಿಬ್ರೂ ಅದರಡೀಲೇ ಇದಾರೆ ಅಂತ. ಅಪ್ಪ ಟೋಪಿ ತೆಗೆದ್ರು. ಏನೂ ಮಾತಾಡ್ಲಿಲ್ಲ. ನಮ್ಮ ಕಡೆ ರಾಕ್ ಬರ್ಸ್ಟ್, ಅಂದ್ರೆ ಗಣಿ ಒಳಗೆ ಬಂಡೆ ತಾನಾಗೇ ಸಿಡಿಯೋದು, ಆಯ್ತು ಅಂದ್ರೆ ಕಾಲೋನಿ ಪೂರ್ತಿ ಗಣಿ ಬಾವಿ, ಅದೇ ಶಾಫ್ಟ್ ಹತ್ರ ಓಡೋದು, ಮೇಲೆ ಬರೋ ಲಿಫ್ಟ್ ಥರದ ಕೇಜ್‌ನಲ್ಲಿ ಯಾರಿದಾರೆ ಅಂತ ಕತ್ತೆತ್ತಿ ನೋಡ್ತಾ ನಿಲ್ಲೋದು, ಅಮ್ಮ ನನ್ನನ್ನ ಸೊಂಟದ ಮೇಲೆ ಇಟ್ಕೊಂಡು ಹಾಗೆ ನಿಂತಿದ್ಲಂತೆ.

ಇನ್ನೂ ಮೇಲೆ ಹೋದ್ಮೇಲೆ ಬಂಡೆ ತೀರ ಹತ್ರ ಬರುತ್ತೆ, ಕೈ ಚಾಚಿದ್ರೆ ತಾಗೋಷ್ಟು, ಚಾಚ್ಬೇಡಿ. ಸುರಂಗದ ಹತ್ರ ಟ್ರೇನ್ ನಿಧಾನ ಆದಾಗ ಅಪ್ಪ ನನ್ನ ಭುಜ ತಟ್ಟಿ "ಅಲ್ನೋಡು" ಅಂದ್ರು. ಕಲ್ಲಿನ ಗೋಡೇಲಿ ಅರ್ಧ ಕೊಳವೆ ಥರ ಉದ್ದಕ್ಕೆ ಗೀರು, ಹೆಬ್ಬೆರಳು ದಪ್ಪ, ಪಾಚಿ ತುಂಬ್ಕೊಂಡಿದೆ. ಮದ್ದು ತುಂಬೋಕೆ ಹಾಕಿದ ಹೋಲು ಅದು, ಬಂಡೆ ಸಿಡಿದಾಗ ಅರ್ಧ ಬಿದ್ದು ಹೋಗಿ ಅರ್ಧ ಗೋಡೇಲಿ ಉಳ್ಕೊಂಡಿದ್ದು. ಅದರ ಪಕ್ಕದಲ್ಲಿ ಇನ್ನೊಂದು, ಆಮೇಲೆ ಇನ್ನೊಂದು, ಎಲ್ಲಾ ಒಂದೇ ಓರೆ. ಬೆಟ್ಟದ ಮೇಲಿಂದ ಹಗ್ಗ ಕಟ್ಕೊಂಡು ಜೋತಾಡ್ತಾ ಈ ಹೋಲ್ ಹಾಕಿದ್ರು ಅಂತ ಗೈಡ್ ಹೇಳಿದ್ರು, ಒಟ್ಟು 450 ಟನ್ ಸಿಡಿಮದ್ದು ಬಳಸಿದ್ರಂತೆ. ಅಪ್ಪ ಹೇಳಿದ್ದು, ನೆಲದ ಮೇಲೆ ಕಾಲೂರಿ ನಿಂತೇ ಹೋಲ್ ನೆಟ್ಟಗೆ ಬರೋಕೆ ವರ್ಷ ಬೇಕು, ಇವರು ಗಾಳೀಲಿ ತೂಗಾಡ್ಕೊಂಡು ಇಷ್ಟು ಸಮ ಹಾಕಿದಾರಲ್ಲ, ದೊಡ್ಡ ಕೆಲಸಗಾರರು ಅಂತ. ಅಪ್ಪ ಯಾರನ್ನೂ ಸುಮ್ಮನೆ ಹೊಗಳೋರಲ್ಲ.

ಎದುರು ಸೀಟಲ್ಲಿ ವಯಸ್ಸಾದ ಗಂಡ ಹೆಂಡ್ತಿ ಇದ್ರು, ಮೊಂಟಾನಾದ ಬ್ಯೂಟ್ ಅನ್ನೋ ತಾಮ್ರದ ಗಣಿ ಊರಿನೋರು. ಆ ಯಜಮಾನರ ತಂದೆ ಅಂಡರ್‌ಗ್ರೌಂಡ್ ಕೆಲಸ ಮಾಡಿದೋರಂತೆ. ಅಪ್ಪಂದು ಮೈನ್ಸ್ ಇಂಗ್ಲಿಷು, ನಾನು ಮಧ್ಯೆ ಬಾಯಿ ಹಾಕೋ ಅಗತ್ಯಾನೇ ಬರ್ಲಿಲ್ಲ. ಎಷ್ಟು ಆಳ ಅಂತ ಅವರು ಕೇಳಿದ್ರು. ಅಪ್ಪ ನಮ್ಮ ಮೈನ್ಸು 3 ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು, ಅಲ್ಲಿ ಬಂಡೆ 60 ಡಿಗ್ರಿ ಮೇಲೆ ಕಾದಿರುತ್ತೆ, ಮೇಲಿಂದ ತಣ್ಣನೆ ಗಾಳಿ ಬಿಟ್ರೇನೇ ಕೆಲಸ, 1902ರಲ್ಲೇ ಶಿವನಸಮುದ್ರದಿಂದ ನಮಗೆ ಕರೆಂಟ್ ಬಂದಿತ್ತು ಅಂತ ಒಂದೊಂದೇ ಹೇಳ್ತಾ ಹೋದ್ರು, ಅವರು ಕಿಟಕಿ ಹೊರಗೆ ನೋಡೋದೇ ಬಿಟ್ಟು ಅಪ್ಪನ್ನೇ ನೋಡ್ತಾ ಕೂತ್ರು. ಅವರ ಹೆಂಡ್ತಿ ಅಮ್ಮಂಗೆ ಚಾಕಲೇಟ್ ಕೊಟ್ರು, ಅಮ್ಮ ಬ್ಯಾಗಿಂದ ನಿಪ್ಪಟ್ಟು ತೆಗೆದ್ಲು. ಸೀಲ್ ಆಗಿರೋ ಅಂಗಡಿ ಪ್ಯಾಕೆಟ್ಟೇ ತಗೊಂಡು ಹೋಗಿ, ಮನೇಲಿ ಮಾಡಿ ಡಬ್ಬೀಲಿ ಹಾಕಿದ್ದನ್ನ ಹಡಗಲ್ಲಿ ಬಿಡೋದು ಕಷ್ಟ.

ಡೆಡ್ ಹಾರ್ಸ್ ಗಲ್ಚ್ ಅನ್ನೋ ಕಮರಿ ಹತ್ರ ಕೆಳಗೆ ನೋಡಿದ್ರೆ ಬಂಡೆ ಮೇಲೆ ಸವೆದ ಒಂದು ಕಾಲುದಾರಿ ಗೆರೆ ಹಾಗೇ ಉಳಿದಿದೆ, ಟ್ರೇನ್ ಬರೋ ಮುಂಚೆ ಜನ ನಡೆದಿದ್ದು. ಹೊರೆ ಹೊತ್ತು ಬಂದ ಕುದುರೆಗಳು ಸುಮಾರು 3,000 ಈ ದಾರೀಲೇ ಸತ್ವಂತೆ. ಅದರ ಮುಂದೆ 1901ರ ದೊಡ್ಡ ಕಬ್ಬಿಣದ ಸೇತುವೆ, 1969ರಿಂದ ಅದರ ಮೇಲೆ ಟ್ರೇನ್ ಬಿಡ್ತಿಲ್ಲ, ಪಕ್ಕದಲ್ಲಿ ಹೊಸ ಸೇತುವೆ, ಸುರಂಗ ಮಾಡಿದಾರೆ. ತುದೀಲಿ ಬಾವುಟಗಳು, ಇನ್ನೂ ಕರಗದ ಹಿಮ, ಬೋಳು ಬಂಡೆ, ಚಿಕ್ಕ ಚಿಕ್ಕ ಹೊಂಡ.

ಅಲ್ಲಿ ಇಂಜಿನ್ ತಿರುಗಿಸೋ ಹೊತ್ತಲ್ಲಿ ಗೈಡ್ ಹೇಳಿದ ಮಾತು ನನ್ನ ತಲೇಲಿ ಕೂತ್ಬಿಡ್ತು. 1900ರ ಜುಲೈ 29ಕ್ಕೆ ಕೊನೇ ಮೊಳೆ ಹೊಡೆದು 177 ಕಿಲೋಮೀಟರ್ ಲೈನ್ ಮುಗಿಸೋ ಹೊತ್ತಿಗೆ ಚಿನ್ನದ ಗದ್ದಲಾನೇ ಮುಗಿದಿತ್ತು. ಆಮೇಲೆ ಅದಿರು ಸಾಗಿಸಿ ಬದುಕ್ತು, 1982ರಲ್ಲಿ ಲೋಹದ ಬೆಲೆ ಬಿದ್ದು ಗಣಿ ಮುಚ್ಚಿದಾಗ ಇದೂ ನಿಂತೋಯ್ತು. 1988ರಲ್ಲಿ ಪ್ರವಾಸಿಗರಿಗೆ ಅಂತಾನೇ ಮತ್ತೆ ಓಡಿಸೋಕೆ ಶುರು ಮಾಡಿದ್ರು, ಇವತ್ತು ಆ ಊರು ಬದುಕ್ತಿರೋದ್ರಲ್ಲಿ ಈ ಟ್ರೇನಿಗೆ ದೊಡ್ಡ ಪಾಲಿದೆ. ನಮ್ಮಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 1894ರಲ್ಲೇ ರೈಲು ಬಂತು, ಇದಕ್ಕಿಂತ ಮೊದ್ಲು. ಶಾಫ್ಟ್ ಮೇಲಿನ ಕಬ್ಬಿಣದ ಗೋಪುರಗಳಿವೆ, ಬಂಗಲೆಗಳಿವೆ, ಕ್ಲಬ್ ಇದೆ, ಕೆಲಸ ಗೊತ್ತಿರೋ ಅಪ್ಪನ ಥರದ ಹಿರಿಯರು ಇನ್ನೂ ಕೆಲವರು ಇದಾರೆ. ದಿನಾ ಬೆಳಿಗ್ಗೆ ಆ ಲೈನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋರು ಕಿಕ್ಕಿರಿದು ಹೋಗ್ತಾರೆ, ನೋಡೋಕೆ ಅಂತ ಬರೋರಿಗೆ ಏನೂ ಇಲ್ಲ. ಭಾನುವಾರ ಒಂದು ಟ್ರೇನು, ಅದರಲ್ಲಿ ಕಥೆ ಹೇಳೋಕೆ ಒಬ್ಬ ಹಳೇ ಮೈನರ್ರು, ಇಷ್ಟಾದ್ರೂ ಆಗ್ಬೇಕು. ಇದನ್ನ ನಾನು ಮನಸಾರೆ ಹೇಳ್ತಿದೀನಿ, ಅವರೆಲ್ಲ ಇರೋವಾಗ್ಲೇ ಆಗ್ಬೇಕು.

ಇಳೀತಾ ಗ್ಲೇಸಿಯರ್ ಸ್ಟೇಷನ್ ಹತ್ರ ಎದುರಿಂದ ಬರೋ ಟ್ರೇನಿಗೆ ದಾರಿ ಬಿಡೋಕೆ ಸ್ವಲ್ಪ ಹೊತ್ತು ನಿಂತ್ವಿ. ಅತ್ತಿಗೆ ಅಪ್ಪನ ವಾಚ್ ನೋಡಿದ್ರು, ಇನ್ನೂ ನಾಲ್ಕು ಗಂಟೆ ಇದೆ ಅಂತ ಅಪ್ಪಾನೇ ಹೇಳಿದ್ರು. ಮೂರು ದಾಟಿ ಸ್ವಲ್ಪ ಹೊತ್ತಿಗೆ ಊರಲ್ಲಿದ್ವಿ.

ಬ್ರಾಡ್‌ವೇ ಅಂತ ಒಂದೇ ದೊಡ್ಡ ಬೀದಿ, ಎರಡೂ ಕಡೆ ಹಲಗೆ ಹಾಸಿದ ನಡೆದಾರಿ. ಒಂದು ಕಟ್ಟಡದ ಮುಂಭಾಗ ಪೂರ್ತಿ ಸಮುದ್ರದಲ್ಲಿ ತೇಲಿ ಬಂದ ಕಟ್ಟಿಗೆ ತುಂಡುಗಳನ್ನ ಜೋಡಿಸಿ ಮಾಡಿದಾರೆ, 1899ರದ್ದು. ಹಳೇ ರೈಲ್ವೆ ಸ್ಟೇಷನ್ನೇ ಈಗ ನ್ಯಾಷನಲ್ ಪಾರ್ಕಿನ ಮಾಹಿತಿ ಕೇಂದ್ರ. ಒಂದು ಕಿಟಕೀಲಿ ಎಣ್ಣೇಲಿ ಕರಿದ ದಪ್ಪ ರೊಟ್ಟಿಗೆ ಸಕ್ಕರೆ ದಾಲ್ಚಿನ್ನಿ ಉದುರಿಸಿ ಕೊಡ್ತಿದ್ರು, ಆ ಚಳೀಲಿ ಬಿಸಿ ಬಿಸಿ ತಿನ್ನೋಕೆ ಬಹಳ ಚೆನ್ನಾಗಿತ್ತು, ಅಮ್ಮ ಇನ್ನೊಂದು ತರಿಸ್ಕೊಂಡ್ಲು. ಟೋಪಿ ಅಂಗಡಿ ಹುಡುಗಿ ಬೇಸಿಗೆಗೆ ಮಾತ್ರ ಬೇರೆ ರಾಜ್ಯದಿಂದ ಬರೋದಂತೆ, ಅಕ್ಟೋಬರ್ ಆದ್ಮೇಲೆ ಹಡಗು ನಿಂತ್ರೆ ಈ ಬೀದೀಲಿ ಅಂಗಡಿಗಳೆಲ್ಲ ಬಾಗಿಲು ಹಾಕುತ್ವೆ, ಊರಲ್ಲಿ ಇರೋದು ಸಾವಿರ ಚಿಲ್ಲರೆ ಜನ ಅಂದ್ಲು. ಐದೂವರೆಗೆ ಹಡಗಲ್ಲಿ ಕಾಫಿ ಕುಡೀತಿದ್ವಿ. ಅತ್ತಿಗೆ ಫೋನಲ್ಲಿದ್ದ ಆ ಪೇಪರಿನ ಫೋಟೋನ ತಮ್ಮ ಆಫೀಸಿನ ಗೆಳತಿಗೆ ಕಳಿಸಿದ್ರು.

ಗುರುವಾರ, ಶುಕ್ರವಾರ

ಗುರುವಾರ ಎಂಡಿಕಾಟ್ ಆರ್ಮ್ ಅನ್ನೋ ಕಿರಿದಾದ ಕಣಿವೇಲಿ ಹಡಗು ನಿಧಾನಕ್ಕೆ ಒಳಗೆ ಹೋಗಿ ಡಾಸ್ ಗ್ಲೇಸಿಯರ್ ತೋರಿಸ್ತು. ಮಂಜಿನ ಗೋಡೆಯಿಂದ ಒಂದು ತುಂಡು ಕಳಚಿ ಬಿದ್ದಾಗ ಮೊದ್ಲು ಕಾಣುತ್ತೆ, ಸದ್ದು ಆಮೇಲೆ ಬರುತ್ತೆ. ಅಪ್ಪ ಅಷ್ಟೊತ್ತೂ ಡೆಕ್ ಮೇಲೇ ಇದ್ರು. ಕೆಚಿಕನ್‌ನಲ್ಲಿ ಶುಕ್ರವಾರ ಮಳೆ ಅಂದ್ರೆ ಮಳೆ, ಆ ಊರಿಗೆ ವರ್ಷಕ್ಕೆ 150 ಇಂಚಿನ ಹತ್ರ ಬೀಳುತ್ತೆ, ನಮ್ಮ ಕೋಲಾರಕ್ಕೆ 30 ಇಂಚು ಬಂದ್ರೆ ಕೆರೆ ಕೋಡಿ ಹರಿಯುತ್ತಾ ಅಂತ ನೋಡೋ ಜನ ನಾವು. ಅಣ್ಣನ ಕೊಡೆ ಗಾಳಿಗೆ ಮಗುಚಿ ಕಡ್ಡಿ ಮುರೀತು. ಅಲ್ಲಿನೋರು ಯಾರೂ ಕೊಡೆ ಹಿಡಿಯಲ್ಲ, ಎಲ್ರೂ ರೇನ್‌ಕೋಟು, ರಬ್ಬರ್ ಬೂಟು. ಕೆತ್ತಿದ ಮರದ ಕಂಬಗಳನ್ನ ನೋಡಿ, ಹಳ್ಳದ ಮೇಲೆ ಕಟ್ಟಿರೋ ಮನೆಗಳ ಬೀದೀಲಿ ಒಂದು ಸುತ್ತು ಹಾಕಿ ಒದ್ದೆಯಾಗಿ ಬಂದ್ವಿ.

ಶನಿವಾರ, ವಿಕ್ಟೋರಿಯಾ

ಸಂಜೆ ಕತ್ತಲಾಗೋ ಮುಂಚೆ ಕೆನಡಾದ ವಿಕ್ಟೋರಿಯಾ. ಅಲ್ಲಿ ಹಡಗು ನಿಲ್ಲೋದು ಕೆಲವೇ ಗಂಟೆ, ಆದ್ರೂ ನಿಲ್ಲೋದಕ್ಕೆ ಕಾರಣ 1886ರ ಒಂದು ಅಮೆರಿಕನ್ ಕಾನೂನು, ಬೇರೆ ದೇಶದ ಬಾವುಟದ ಹಡಗು ಸಿಯಾಟಲ್‌ನಲ್ಲಿ ಹತ್ತಿಸ್ಕೊಂಡು ಸಿಯಾಟಲ್‌ನಲ್ಲೇ ಇಳಿಸೋ ಹಾಗಿದ್ರೆ ಮಧ್ಯೆ ಒಂದು ಹೊರದೇಶದ ಬಂದರು ಮುಟ್ಟಲೇಬೇಕು. ನಮ್ಮ ಪಾಸ್‌ಪೋರ್ಟಿನೋರಿಗೆ ಇದರಿಂದ ಕೆನಡಾ ವೀಸಾ ಬೇಕಾಗುತ್ತೆ, ಹಡಗಿಂದ ಇಳೀದೇ ಇದ್ರೂ ಕೂಡ, ಮತ್ತೆ ಅಮೆರಿಕ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರೋಕೆ ಆಗೋದಾಗಿರಬೇಕು. ಅಪ್ಪ ಅಮ್ಮನ ಕೆನಡಾ ವೀಸಾಗೆ ಬೆಂಗಳೂರಲ್ಲೇ ತುಂಬಾ ಮುಂಚೆ ಕೊಟ್ಟಿದ್ವಿ, ಟ್ರೇನಿಗಿಂತ ಹಡಗಿಗಿಂತ ಮೊದ್ಲು ಮಾಡ್ಬೇಕಾದ ಕೆಲಸ ಇದೇ.

ಭಾನುವಾರ, ಮತ್ತೆ ಸಿಯಾಟಲ್

ಬೆಳಿಗ್ಗೆ ತಿಂಡಿಗೆ ಹೋದಾಗ ಬ್ಯೂಟ್‌ನ ಆ ಯಜಮಾನರು ಅಪ್ಪನ್ನ ಹುಡುಕ್ಕೊಂಡು ಬಂದ್ರು, ಅವರ ತಂದೆಯ ಲ್ಯಾಂಪ್ ಟೋಪಿ ಹಾಕಿರೋ ಹಳೇ ಫೋಟೋ ಫೋನಲ್ಲಿ ತೋರಿಸೋಕೆ. ಅಪ್ಪ ತಮ್ಮದನ್ನ ತೋರಿಸಿದ್ರು, ಗಿಫರ್ಡ್ಸ್ ಶಾಫ್ಟ್ ಮುಂದೆ ಶಿಫ್ಟಿನೋರ ಜೊತೆ ನಿಂತಿರೋದು. ಇಬ್ರೂ ಫೋನ್ ಅದಲುಬದಲು ಮಾಡ್ಕೊಂಡು ಒಬ್ಬೊಬ್ಬರ ಹೆಲ್ಮೆಟ್ಟು ಬೂಟ್ಸು ಎಲ್ಲಾ ದೊಡ್ಡದು ಮಾಡಿ ನೋಡಿದ್ರು.

ಕೋಲಾರಕ್ಕೆ ಬಂದ್ಮೇಲೆ ಅಪ್ಪನ ಜೊತೆ ಅದೇ ಫೋಟೋದಲ್ಲಿರೋ ರಾಬರ್ಟ್‌ಸನ್‌ಪೇಟೆಯ ಅಂಕಲ್ ಮನೆಗೆ ಬಂದಿದ್ರು, ಅವರ ಮಗಳೂ ಅಮೆರಿಕದಲ್ಲಿದಾಳೆ, ಮುಂದಿನ ಬೇಸಿಗೆಗೆ ಹೋಗೋ ಪ್ಲಾನಿದೆ. ಅವರಿಗೆ ಈಗ ನಡೆಯೋಕೆ ಆಗಲ್ಲ, ವೀಲ್‌ಚೇರು, ನಂಗೆಲ್ಲಿ ಆಗುತ್ತೆ ಬಿಡಮ್ಮ ಅಂದ್ರು. ಆ ರೈಲಲ್ಲಿ ವೀಲ್‌ಚೇರ್ ಹತ್ತಿಸೋ ಲಿಫ್ಟ್ ಇರೋ ಬೋಗಿ ಇದೆ ಅಂಕಲ್, ಬುಕ್ ಮಾಡೋವಾಗ್ಲೇ ಹೇಳ್ಬೇಕು ಅಷ್ಟೇ ಅಂದೆ. ಅಪ್ಪ ಆಗ್ಲೇ ಅವರಿಗೆ ಆ ಬಂಡೆ ಹೋಲಿನ ಓರೆ ಹೇಗಿತ್ತು ಅಂತ ಕೈಯಲ್ಲಿ ತೋರಿಸೋಕೆ ಶುರು ಮಾಡಿದ್ರು.